ಶುಷ್ಕ ಹುಲ್ಲುಗಾವಲಿನ ಹೂಗಿಡಗಳ ಬೀಜಕ್ಕೆ ಮೊಳಕೆ ಬರಿಸುವ ಬಗೆ: ಆವಾಸ ಪುನಶ್ಚೇತನಕ್ಕೆ ಕೈಹಾಕಿದವರಿಗೆ ಮಾರ್ಗದರ್ಶಿ

ಹಾಳಾದ ಹುಲ್ಲುಗಾವಲನ್ನು ಮತ್ತೆ ಹೂಗಿಡಗಳಿಂದ ತುಂಬಿಸಲು ಹೊರಟವರು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ಬೀಜ ತಾಜಾ ಇತ್ತು, ಮಣ್ಣು ಹದವಾಗಿತ್ತು, ದಿನವೂ ನೀರು ಕೊಟ್ಟೆವು. ಆದರೂ ತಿಂಗಳು ಕಳೆದರೂ ಒಂದು ಮೊಳಕೆಯೂ ಕಾಣಲಿಲ್ಲ, ಬೀಜ ಸತ್ತಿದೆಯೆ? ಬಹುಪಾಲು ಸಂದರ್ಭಗಳಲ್ಲಿ ಬೀಜ ಸತ್ತಿರುವುದಿಲ್ಲ. ಅದು ತನ್ನ ಕಾಲಕ್ಕಾಗಿ ಕಾಯುತ್ತಿರುತ್ತದೆ. ಆ ಕಾಲ ಯಾವುದು, ಅದು ಬಂದಿದೆ ಎಂದು ಬೀಜಕ್ಕೆ ಹೇಗೆ ತಿಳಿಸಬೇಕು ಎಂಬುದೇ ಈ ಲೇಖನದ ವಿಷಯ.

ರಾಗಿ, ಗೋಧಿ, ಅವರೆಗಳನ್ನು ಮನುಷ್ಯ ಸಾವಿರಾರು ವರ್ಷ ಆಯ್ದು ಬೆಳೆಸಿದ್ದಾನೆ. ಬಿತ್ತಿದ ಕೂಡಲೇ ಎಲ್ಲವೂ ಒಟ್ಟಿಗೆ ಮೊಳೆಯುವ ಗುಣ ಆ ಆಯ್ಕೆಯಿಂದ ಬಂದದ್ದು. ಕಾಡುಗಿಡಗಳ ಬೀಜಕ್ಕೆ ಅಂಥ ಗುಣವಿರಲು ಕಾರಣವಿಲ್ಲ. ಶುಷ್ಕ ಹುಲ್ಲುಗಾವಲಿನ ಮಣ್ಣು ತೆಳು, ಸಾರ ಕಡಿಮೆ, ಮಳೆಗೆ ನಂಬಿಕೆಯಿಲ್ಲ. ಅಕಾಲದಲ್ಲಿ ಬಿದ್ದ ಒಂದು ಮಳೆಗೆ ಎಲ್ಲ ಬೀಜಗಳೂ ಮೊಳೆತುಬಿಟ್ಟರೆ, ಮುಂದಿನ ಎರಡು ವಾರದ ಬಿಸಿಲಿಗೆ ಆ ವರ್ಷದ ಸಂತತಿಯೆಲ್ಲ ಒಣಗಿಹೋಗುತ್ತದೆ. ಆದ್ದರಿಂದ ಅಲ್ಲಿನ ಗಿಡಗಳ ಬೀಜ ನೀರೊಂದಕ್ಕೇ ಬಾಗಿಲು ತೆರೆಯುವುದಿಲ್ಲ. ಚಳಿ ಕಳೆದಿರಬೇಕು, ಇಲ್ಲವೆ ಬೇಸಿಗೆ ದಾಟಿರಬೇಕು, ಇಲ್ಲವೆ ಸಿಪ್ಪೆ ಸವೆದಿರಬೇಕು. ತಕ್ಕ ತೇವ, ಶಾಖ, ಗಾಳಿ ಎಲ್ಲವೂ ಇದ್ದರೂ ಮೊಳೆಯದೆ ನಿಲ್ಲುವ ಈ ಸ್ಥಿತಿಯನ್ನು ಸುಪ್ತಾವಸ್ಥೆ ಎನ್ನುತ್ತಾರೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಬೇರೆ ಬೇರೆ ಕಣ್ಣಿನ ಎರಡು ಮೂರು ಜರಡಿ, 0.01 ಗ್ರಾಂವರೆಗೆ ತೂಗುವ ಸಣ್ಣ ತಕ್ಕಡಿ, ಭೂತಗನ್ನಡಿ, ಹರಿತವಾದ ಬ್ಲೇಡು, ನಯವಾದ ಮರಳುಕಾಗದ, ಮುಚ್ಚಳವಿರುವ ಪಾರದರ್ಶಕ ಡಬ್ಬಿಗಳು, ಹೀರುಕಾಗದ, ತೊಳೆದ ಮರಳು, ಫ್ರಿಜ್‌ನಲ್ಲಿ ಒಂದು ಮೂಲೆ, ಪೆನ್ಸಿಲ್ ಮತ್ತು ದಾಖಲೆ ಪುಸ್ತಕ. ಚೀಟಿಗಳನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು, ಏಕೆಂದರೆ ಬಹಳಷ್ಟು ಶಾಯಿಗಳು ನೀರು ಬಿಸಿಲಿಗೆ ಒಂದೇ ಋತುವಿನಲ್ಲಿ ಮಾಸುತ್ತವೆ.

ಹಂತ 1: ಬೀಜ ಸಂಗ್ರಹ

ಪುನಶ್ಚೇತನದ ಜಾಗಕ್ಕೆ ಹತ್ತಿರದ, ಅದೇ ಬಗೆಯ ಮಣ್ಣು ಮತ್ತು ಹವೆಯಿರುವ ಹುಲ್ಲುಗಾವಲಿನಿಂದಲೇ ಬೀಜ ತರಬೇಕು. ದೂರದಿಂದ ತಂದ ಅದೇ ಜಾತಿಯ ಬೀಜವೂ ಬೇರೆ ಹವಾಮಾನದ ಲೆಕ್ಕಾಚಾರವನ್ನು ಹೊತ್ತು ಬಂದಿರುತ್ತದೆ ಮತ್ತು ತಪ್ಪು ತಿಂಗಳಲ್ಲಿ ಮೊಳೆಯಬಹುದು. ಜಾಗದ ಒಡೆತನ ಯಾರದೋ ಅವರ ಒಪ್ಪಿಗೆ, ಸಂರಕ್ಷಿತ ಜಾತಿಯಾದರೆ ಸಂಬಂಧಪಟ್ಟವರ ಲಿಖಿತ ಅನುಮತಿ ಮೊದಲೇ ಕೈಯಲ್ಲಿರಲಿ.

ಬೀಜ ಸಂರಕ್ಷಣೆಯಲ್ಲಿ ತೊಡಗಿದವರು ಸಾಮಾನ್ಯವಾಗಿ ಪಾಲಿಸುವ ಎರಡು ನಿಯಮಗಳಿವೆ. ಆ ದಿನ ಮಾಗಿರುವ ಬೀಜದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ತೆಗೆಯಬಾರದು; ಸಾಧ್ಯವಾದಲ್ಲೆಲ್ಲ ಕನಿಷ್ಠ 50 ಗಿಡಗಳಿಂದ ಸ್ವಲ್ಪ ಸ್ವಲ್ಪ ಕೂಡಿಸಬೇಕು. ಎತ್ತರದ, ದೊಡ್ಡ ಹೂವಿನ ಗಿಡಗಳನ್ನೇ ಆರಿಸಿಕೊಳ್ಳುವ ಮೋಹವನ್ನು ಬಿಡಬೇಕು. ಕುಳ್ಳಗಿರುವವು, ತಡವಾಗಿ ಹೂ ಬಿಟ್ಟವು, ಕಲ್ಲಿನ ಸಂದಿಯಲ್ಲಿ ನಿಂತವು, ಎಲ್ಲದರ ಪಾಲೂ ಚೀಲಕ್ಕೆ ಬರಬೇಕು. ಸಂಗ್ರಹಕ್ಕೆ ಕಾಗದ ಅಥವಾ ಬಟ್ಟೆಯ ಚೀಲವೇ ಆಗಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಹಸಿ ತೆನೆ ಬಿಸಿಲಲ್ಲಿ ಕೆಲವೇ ಗಂಟೆಗಳಲ್ಲಿ ಬೆವೆತು ಕಾವು ಏರಿ ಹಾಳಾಗುತ್ತದೆ.

ಮಾಗಿದ ಗುರುತು ಸುಲಭ. ಬೀಜದ ಬಣ್ಣ ಹಸಿರಿನಿಂದ ಕಂದು ಅಥವಾ ಕಪ್ಪಿಗೆ ತಿರುಗಿರುತ್ತದೆ, ಉಗುರಿನಿಂದ ಒತ್ತಿದರೆ ಹಾಲು ಬರುವುದಿಲ್ಲ, ಕಾಯಿಯನ್ನು ಅಲ್ಲಾಡಿಸಿದರೆ ಸದ್ದು ಕೇಳುತ್ತದೆ.

ಹಂತ 2: ಒಕ್ಕಣೆ, ಒಣಗಿಸುವಿಕೆ, ಶೇಖರಣೆ

ತೆನೆಗಳನ್ನು ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ ಒಂದೆರಡು ವಾರ ಒಣಗಿಸಿ, ಕೈಯಿಂದ ತಿಕ್ಕಿ, ಜರಡಿ ಹಿಡಿದು, ಮೆಲ್ಲಗೆ ತೂರಿ ಹೊಟ್ಟನ್ನು ಬೇರ್ಪಡಿಸಿ. ಪೂರ್ತಿ ಶುಚಿಯಾಗಬೇಕೆಂದಿಲ್ಲ, ಸಣ್ಣಪುಟ್ಟ ಹೊಟ್ಟು ಉಳಿದರೆ ಬಿತ್ತನೆಗೆ ತೊಂದರೆಯಿಲ್ಲ. ತೇವ ಮಾತ್ರ ಉಳಿಯಬಾರದು. ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದಾಗ ಅದರ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ, ಶೇಖರಣೆಯ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದಾಗ ಮತ್ತೆ ಇಮ್ಮಡಿಯಾಗುತ್ತದೆ ಎಂಬ ಹಳೆಯ ಸ್ಥೂಲ ಲೆಕ್ಕ ಇಂದಿಗೂ ಉಪಯುಕ್ತ. ಬಣ್ಣ ಬದಲಿಸುವ ಸಿಲಿಕಾ ಹರಳುಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿ ಇರಿಸಿದರೆ ಹೆಚ್ಚಿನ ಜಾತಿಗಳು ಹಲವು ವರ್ಷ ಬಾಳುತ್ತವೆ.

ಎಲ್ಲ ಜಾತಿಗಳೂ ಹಾಗಲ್ಲ. ನವಿರಾದ ಬಾಲವಿರುವ ಪಲ್ಸಟಿಲ್ಲಾ ಬೀಜ ಸಾಮಾನ್ಯ ಶೇಖರಣೆಯಲ್ಲಿ ಬೇಗ ಕಸುವು ಕಳೆದುಕೊಳ್ಳುತ್ತದೆ. ಹುಲ್ಲಿನ ಬೇರಿಗೆ ಕಚ್ಚಿಕೊಂಡು ಬದುಕುವ ಅರೆಪರಾವಲಂಬಿ ಗಿಡ ರೈನ್ಯಾಂಥಸ್ ಮೈನರ್‌ನ ಬೀಜವೂ ಅಲ್ಪಾಯುಷಿ. ಇಂಥವನ್ನು ಅದೇ ವರ್ಷ ಬಿತ್ತಿಬಿಡಬೇಕು.

ಹಂತ 3: ಜೊಳ್ಳೆಷ್ಟು, ಗಟ್ಟಿಯೆಷ್ಟು

ಸುಪ್ತಾವಸ್ಥೆ ಬಿಡಿಸುವ ಉಪಚಾರಕ್ಕೆ ಮೊದಲು ಒಳಗೆ ಜೀವವಿದೆಯೇ ಎಂದು ನೋಡಬೇಕು. ಈ ಹಂತವನ್ನು ಬಿಟ್ಟವರೇ ಆಮೇಲೆ ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. 25 ಬೀಜಗಳನ್ನು ಆಯ್ಕೆ ಮಾಡದೆ ಎತ್ತಿಕೊಂಡು, ಒಂದು ರಾತ್ರಿ ತೇವದ ಕಾಗದದ ಮೇಲಿಟ್ಟು, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿ. ಒಳಗೆ ಬಿಳಿ ಅಥವಾ ಕೆನೆಬಣ್ಣದ ಗಟ್ಟಿ ತಿರುಳು ತುಂಬಿದ್ದರೆ ಅದು ಒಳ್ಳೆಯ ಬೀಜ. ಟೊಳ್ಳಾಗಿದ್ದರೆ ಜೊಳ್ಳು. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಸತ್ತದ್ದು. ಹುಳು ತಿಂದ ತೂತು ಕಂಡರೆ ಅದನ್ನೂ ಬೇರೆ ಎಣಿಸಿ. ಸೇವಂತಿಗೆ ಕುಟುಂಬದ ಬಹಳಷ್ಟು ಗಿಡಗಳಿಗೆ ತಮ್ಮದೇ ಪರಾಗ ಒಗ್ಗುವುದಿಲ್ಲವಾದ್ದರಿಂದ, ಗಿಡಗಳ ಸಂಖ್ಯೆ ತೀರ ಕಡಿಮೆಯಿರುವ ಜಾಗದ ಬೀಜದಲ್ಲಿ ಜೊಳ್ಳು ವಿಪರೀತ ಇರುತ್ತದೆ.

ಪ್ರಯೋಗಾಲಯದ ನೆರವಿದ್ದರೆ ಟೆಟ್ರಜೋಲಿಯಂ ಪರೀಕ್ಷೆ ಮಾಡಿಸಬಹುದು. ಸೀಳಿದ ಬೀಜವನ್ನು ಈ ಬಣ್ಣವಿಲ್ಲದ ದ್ರಾವಣದಲ್ಲಿಟ್ಟರೆ ಉಸಿರಾಡುವ ಜೀವಕೋಶಗಳು ಮಾತ್ರ ಕೆಂಪಾಗುತ್ತವೆ.

ಈ ಎಣಿಕೆಯಿಂದ ಬಿತ್ತನೆಯ ಲೆಕ್ಕ ಸಿಗುತ್ತದೆ. ಉದಾಹರಣೆಗೆ, ಚೀಲದಲ್ಲಿರುವುದರ ಶೇಕಡಾ 80 ಶುದ್ಧ ಬೀಜ, ಅದರಲ್ಲಿ ಜೀವವಿರುವುದು ಶೇಕಡಾ 60 ಎಂದಾದರೆ, ನಿಜವಾದ ಜೀವಂತ ಬೀಜ ಶೇಕಡಾ 48 ಮಾತ್ರ. 100 ಗ್ರಾಂ ಬಿತ್ತಿದೆ ಎಂದುಕೊಂಡವರು ಬಿತ್ತಿರುವುದು 48 ಗ್ರಾಂ.

ಹಂತ 4: ಯಾವ ಬೀಗವೆಂದು ಗುರುತಿಸುವುದು

ಸಸ್ಯವಿಜ್ಞಾನಿಗಳಾದ ಕ್ಯಾರಲ್ ಬಾಸ್ಕಿನ್ ಮತ್ತು ಜೆರ್ರಿ ಬಾಸ್ಕಿನ್ 2004ರಲ್ಲಿ ಮುಂದಿಟ್ಟ ವರ್ಗೀಕರಣದಲ್ಲಿ ಸುಪ್ತಾವಸ್ಥೆಗೆ 5 ವರ್ಗಗಳಿವೆ. ಇದರಲ್ಲಿ ಕೆಲಸಕ್ಕೆ ಬೇಕಾದದ್ದನ್ನು ಹೀಗೆ ತಿಳಿದುಕೊಳ್ಳಬಹುದು. ಭೌತಿಕ ಸುಪ್ತಾವಸ್ಥೆಯಲ್ಲಿ ಸಿಪ್ಪೆಯೇ ನೀರನ್ನು ಒಳಗೆ ಬಿಡುವುದಿಲ್ಲ. ಶಾರೀರಿಕ ಸುಪ್ತಾವಸ್ಥೆಯಲ್ಲಿ ನೀರು ಒಳಹೋಗುತ್ತದೆ, ಆದರೆ ಭ್ರೂಣದೊಳಗಿನ ಹಾರ್ಮೋನುಗಳ ಸಮತೋಲ ಬೆಳವಣಿಗೆಯನ್ನು ತಡೆದಿರುತ್ತದೆ. ರಚನಾತ್ಮಕ ಸುಪ್ತಾವಸ್ಥೆಯಲ್ಲಿ ಬೀಜ ಉದುರುವಾಗ ಭ್ರೂಣ ಇನ್ನೂ ಎಳೆಯದು, ಒಳಗೇ ಬೆಳೆಯಬೇಕು. ಉಳಿದೆರಡು ವರ್ಗಗಳು ಇವುಗಳ ಜೋಡಿಗಳು.

ಗಿಡದ ಕುಟುಂಬ ಗೊತ್ತಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಅವರೆ ಕುಟುಂಬ, ದಾಸವಾಳದ ಕುಟುಂಬ, ವಿಷ್ಣುಕ್ರಾಂತಿ ಸೇರಿರುವ ಕನ್ವಾಲ್ವ್ಯುಲೇಸೀ, ಹೀಲಿಯಾಂಥೆಮಂ ಸೇರಿರುವ ಸಿಸ್ಟೇಸೀ, ಜೆರೇನಿಯಂ ಕುಟುಂಬ: ಇವುಗಳಲ್ಲಿ ಗಟ್ಟಿ ಸಿಪ್ಪೆಯನ್ನು ಮೊದಲು ಶಂಕಿಸಿ. ಕೊತ್ತಂಬರಿ ಕುಟುಂಬದಲ್ಲಿ ಎಳೆಯ ಭ್ರೂಣವನ್ನು ನಿರೀಕ್ಷಿಸಿ. ಅದಕ್ಕೆ ಹಲವು ಸಲ ಚಳಿಯ ಬೇಡಿಕೆಯೂ ಕೂಡಿರುತ್ತದೆ. ಸೇವಂತಿಗೆ, ತುಂಬೆ, ಪ್ರಿಮುಲಾ ಕುಟುಂಬಗಳಲ್ಲಿ ಶಾರೀರಿಕ ತಡೆ ಸಾಮಾನ್ಯ, ಆದರೆ ಅದರ ಆಳ ಜಾತಿಯಿಂದ ಜಾತಿಗೆ ಬೇರೆ.

ಅನುಮಾನವಿದ್ದರೆ ತೂಕದ ಪರೀಕ್ಷೆ ಮಾಡಿ. 25 ಬೀಜ ತೂಗಿ, ತೇವದ ಕಾಗದದ ಮೇಲೆ 24 ಗಂಟೆ ಇಟ್ಟು, ಮೇಲ್ಮೈ ಒರೆಸಿ ಮತ್ತೆ ತೂಗಿ. ಇನ್ನು 25 ಬೀಜಗಳ ಸಿಪ್ಪೆಯನ್ನು ಗೀರಿ ಹಾಗೆಯೇ ಮಾಡಿ. ಗೀರಿದವು ಊದಿ, ಗೀರದವು ಒಣಗಿದ್ದಷ್ಟೇ ತೂಗಿದರೆ ಬೀಗ ಸಿಪ್ಪೆಯಲ್ಲಿದೆ. ಎರಡೂ ಊದಿದ್ದರೆ ಬೀಗ ಒಳಗಿದೆ, ಮರಳುಕಾಗದದಿಂದ ಪ್ರಯೋಜನವಿಲ್ಲ.

ಹಂತ 5: ಬೀಗ ತೆಗೆಯುವುದು

ಗಟ್ಟಿ ಸಿಪ್ಪೆಗೆ ಮರಳುಕಾಗದವೇ ಉತ್ತಮ. ಎರಡು ಹಾಳೆಗಳ ನಡುವೆ ಬೀಜ ಹರಡಿ ಹಗುರವಾಗಿ ಉಜ್ಜಿ, ಸಿಪ್ಪೆಯ ಹೊಳಪು ಹೋದ ಕೂಡಲೇ ನಿಲ್ಲಿಸಿ. ತಿರುಳಿನ ಬಿಳಿ ಕಾಣುವವರೆಗೆ ಉಜ್ಜಿದರೆ ಭ್ರೂಣಕ್ಕೆ ಪೆಟ್ಟಾಗಿರುತ್ತದೆ. ಬಿಸಿನೀರಿನ ದಾರಿಯೂ ಇದೆ. 80ರಿಂದ 90 ಡಿಗ್ರಿಯ ನೀರನ್ನು ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ ತಾನಾಗಿ ಆರಲು ಬಿಡುವುದು. ಕುದಿಯುತ್ತಿರುವಾಗ ಹಾಕಿದರೆ ಬೀಜ ಬೆಂದುಹೋಗುತ್ತದೆ. ತೆಳುಸಿಪ್ಪೆಯ ಜಾತಿಗಳು 80 ಡಿಗ್ರಿಯನ್ನೂ ತಾಳದಿರಬಹುದಾದ್ದರಿಂದ ಮೊದಲು 20 ಬೀಜಗಳಲ್ಲಿ ನೋಡಿ. ಗಂಧಕಾಮ್ಲದ ಉಪಚಾರವನ್ನು ಪ್ರಯೋಗಾಲಯದ ಹೊರಗೆ ಯಾರೂ ಮಾಡಕೂಡದು. ಒಮ್ಮೆ ಊದಿದ ಬೀಜವನ್ನು ಮತ್ತೆ ಒಣಗಿಸಿ ಇಡಲಾಗುವುದಿಲ್ಲ, ಅಂದೇ ಬಿತ್ತಬೇಕು.

ಚಳಿಗಾಲವಿರುವ ನಾಡಿನ ಜಾತಿಗಳಿಗೆ ತಂಪು ಉಪಚಾರ ಬೇಕು. ತೇವದ ಬೀಜವನ್ನು ಹಲವು ವಾರ ತಂಪಿನಲ್ಲಿಟ್ಟು ಚಳಿಗಾಲ ಕಳೆದ ಅನುಭವ ಕೊಡುವುದೇ ಈ ಉಪಚಾರ. ಒಂದು ಪಾಲು ಬೀಜಕ್ಕೆ ಮೂರು ಪಾಲು ತೊಳೆದ ಮರಳು ಬೆರೆಸಿ, ಹಿಂಡಿದರೆ ಮುದ್ದೆಯಾಗಬೇಕು ಆದರೆ ನೀರು ತೊಟ್ಟಿಕ್ಕಬಾರದು ಎನ್ನುವಷ್ಟು ತೇವ ಮಾಡಿ, 2ರಿಂದ 5 ಡಿಗ್ರಿಯಲ್ಲಿ 4ರಿಂದ 12 ವಾರ ಇಡಬೇಕು. ಎರಡು ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಿ, ಬೂಷ್ಟು ಬಂದಿದ್ದರೆ ಬೀಜ ತೊಳೆದು ಹೊಸ ಮರಳಿಗೆ ಹಾಕಿ. ಕೊತ್ತಂಬರಿ ಕುಟುಂಬದ ಕೆಲವು ಜಾತಿಗಳಿಗೆ 12 ವಾರವೂ ಸಾಲದು. ಎಳೆಯ ಭ್ರೂಣ ಆ ತಂಪಿನಲ್ಲೇ ನಿಧಾನವಾಗಿ ಬೆಳೆಯುತ್ತಿರುತ್ತದೆ. ರೈನ್ಯಾಂಥಸ್ ಮೈನರ್ ಚಳಿಯಲ್ಲೇ ಮೊಳೆಯುವುದರಿಂದ ಅದನ್ನು ಡಬ್ಬಿಗೆ ಹಾಕುವ ಬದಲು ಚಳಿಗಾಲಕ್ಕೆ ಮುಂಚೆ ನೇರವಾಗಿ ಹೊಲಕ್ಕೇ ಬಿತ್ತುವುದು ಮೇಲು.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಒಣಬೀಜದ ಪೊಟ್ಟಣವನ್ನು ಫ್ರಿಜ್‌ನಲ್ಲಿಟ್ಟು ಉಪಚಾರವಾಯಿತೆಂದು ತಿಳಿಯುವುದು. ಆರಂಭದ ದಿನಗಳಲ್ಲಿ ನಾನೂ ಹೀಗೆ ಮಾಡಿ ಒಂದು ಇಡೀ ಋತುವನ್ನು ಕಳೆದುಕೊಂಡಿದ್ದೇನೆ. ಒಣಬೀಜಕ್ಕೆ ತಂಪು ಕೇವಲ ಶೇಖರಣೆ; ನೀರು ಹೀರಿದ ಬೀಜದ ಭ್ರೂಣ ಮಾತ್ರ ಚಳಿಯ ದಿನಗಳನ್ನು ಎಣಿಸಬಲ್ಲದು. ತೇವದ ಬೀಜವನ್ನು ಫ್ರೀಜರ್‌ಗೆ ಹಾಕುವುದು ಇನ್ನೊಂದು ತಪ್ಪು, ಒಳಗೆ ಮಂಜುಗಟ್ಟಿದ ನೀರು ಜೀವಕೋಶಗಳನ್ನು ಸೀಳುತ್ತದೆ.

ಬೇಸಿಗೆ ಒಣದಾಗಿದ್ದು ಆಮೇಲೆ ಮಳೆ ಬರುವ ಪ್ರದೇಶಗಳ ಬಹಳಷ್ಟು ಏಕವಾರ್ಷಿಕ ಗಿಡಗಳಿಗೆ ಬೇಕಾದದ್ದು ಇದಕ್ಕೆ ವಿರುದ್ಧವಾದ ಉಪಚಾರ. ಒಣಬೀಜವನ್ನು ಕಾಗದದ ಪೊಟ್ಟಣದಲ್ಲಿ, 20ರಿಂದ 35 ಡಿಗ್ರಿಯ ಒಣ ಕೋಣೆಯಲ್ಲಿ ಒಂದರಿಂದ ನಾಲ್ಕು ತಿಂಗಳು ಸುಮ್ಮನೆ ಇಟ್ಟರೆ ತಡೆ ತಾನಾಗಿ ಸಡಿಲವಾಗುತ್ತದೆ. ಇದನ್ನು ಒಣ ಪಕ್ವತೆ ಎನ್ನಬಹುದು. ಇಂಥ ಬೀಜವನ್ನು ಕೊಯ್ದ ಕೂಡಲೇ ಫ್ರಿಜ್‌ಗೆ ಹಾಕಿದರೆ ತಡೆಯೂ ಜೊತೆಗೇ ಉಳಿದುಬಿಡುತ್ತದೆ.

ಬೆಂಕಿ ಆಗಾಗ ಬೀಳುವ ಹುಲ್ಲುಗಾವಲಿನ ಕೆಲವು ಜಾತಿಗಳು ಹೊಗೆಗೆ ಸ್ಪಂದಿಸುತ್ತವೆ. ಸಸ್ಯ ಸುಟ್ಟ ಹೊಗೆಯಲ್ಲಿರುವ ಕ್ಯಾರಿಕಿನೊಲೈಡ್ ಎಂಬ ವಸ್ತುವೇ ಮೊಳಕೆಯನ್ನು ಪ್ರಚೋದಿಸುತ್ತದೆ ಎಂಬುದು 2004ರಲ್ಲಿ ತಿಳಿದುಬಂತು. ಅತ್ಯಲ್ಪ ಪ್ರಮಾಣದಲ್ಲೇ ಇದು ಕೆಲಸ ಮಾಡುತ್ತದೆ. ಆದರೆ ಹೊಗೆಯಲ್ಲಿ ಮೊಳಕೆ ತಡೆಯುವ ಬೇರೆ ವಸ್ತುಗಳೂ ಇರುವುದರಿಂದ ಗಾಢವಾದರೆ ಕೆಡುಕು. ಹೊಗೆ ಹಾಯಿಸಿದ ನೀರನ್ನು 10, 100, 1000 ಪಟ್ಟು ತೆಳುಗೊಳಿಸಿ, ಮೂರು ಗುಂಪುಗಳನ್ನು 24 ಗಂಟೆ ನೆನೆಸಿ ಹೋಲಿಸಿ.

ಜಿಬ್ಬರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನಿನ 250ರಿಂದ 500 ಪಿಪಿಎಂ (ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ) ದ್ರಾವಣದಲ್ಲಿ ಒಂದು ದಿನ ನೆನೆಸಿದರೆ ಬಹಳಷ್ಟು ಶಾರೀರಿಕ ತಡೆಗಳು ಕಳಚುತ್ತವೆ. ಬೀಜಕ್ಕೆ ಜೀವವಿದೆಯೇ ಎಂದು ತಿಳಿಯಲು ಇದು ಒಳ್ಳೆಯದು. ಸಸಿ ಬೆಳೆಸಲು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಹಾಗೆ ಹುಟ್ಟಿದ ಸಸಿಗಳು ಸೊರಗಿ ಉದ್ದವಾಗಿ ಬೀಳುತ್ತವೆ.

ಹಂತ 6: ಮೊಳಕೆ ಪರೀಕ್ಷೆ

ಉಪಚಾರ ಮಾಡಿದ 100 ಬೀಜಗಳನ್ನು 25ರ ನಾಲ್ಕು ಗುಂಪುಗಳಾಗಿ ತೇವದ ಹೀರುಕಾಗದದ ಮೇಲೆ ಇಡಿ. ಉಪಚಾರ ಮಾಡದ ಇನ್ನೊಂದು 100ನ್ನು ಪಕ್ಕದಲ್ಲೇ ಇಡಿ. ಹೋಲಿಕೆಯ ಗುಂಪಿಲ್ಲದಿದ್ದರೆ ಮೊಳಕೆ ಉಪಚಾರದಿಂದ ಬಂತೋ ತಾನಾಗಿಯೇ ಬಂತೋ ಎಂದು ಎಂದಿಗೂ ತಿಳಿಯುವುದಿಲ್ಲ.

ಬೆಳಕು ಮತ್ತು ಹಗಲು ರಾತ್ರಿಯ ಶಾಖದ ಏರಿಳಿತ ಎರಡನ್ನೂ ಬಹಳ ಜನ ಮರೆಯುತ್ತಾರೆ. ಸಾಸಿವೆಗಿಂತ ಸಣ್ಣ ಬೀಜದಲ್ಲಿರುವ ಆಹಾರ ಕೆಲವು ಮಿಲಿಮೀಟರ್ ಮಣ್ಣನ್ನು ದಾಟುವಷ್ಟು ಮಾತ್ರ. ಆದ್ದರಿಂದ ಅದು ತಾನು ಮೇಲೆಯೇ ಇದ್ದೇನೆಯೇ ಎಂದು ಬೆಳಕಿನಿಂದ ತಿಳಿದುಕೊಳ್ಳುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಅದರಾಚೆಯ ಅತಿಕೆಂಪು ಬೆಳಕನ್ನು ಕೆಳಗೆ ಬಿಡುತ್ತದೆ. ಬೀಜದಲ್ಲಿರುವ ಫೈಟೊಕ್ರೋಮ್ ಎಂಬ ವರ್ಣಕ ಈ ಎರಡರ ಪ್ರಮಾಣವನ್ನು ಅಳೆದು, ಮೇಲೆ ಬೇರೆ ಗಿಡದ ನೆರಳಿದ್ದರೆ ಮೊಳೆಯದೆ ಉಳಿಯುತ್ತದೆ. ಶಾಖದ ಏರಿಳಿತದ ಅರ್ಥವೂ ಇದೇ: ಬರಿ ನೆಲದ ಮೇಲ್ಮೈ ಹಗಲು ಕಾಯುತ್ತದೆ, ರಾತ್ರಿ ತಣಿಯುತ್ತದೆ, ಆಳದಲ್ಲಿ, ಹುಲ್ಲಿನ ಅಡಿಯಲ್ಲಿ ಅಷ್ಟು ವ್ಯತ್ಯಾಸವಿರುವುದಿಲ್ಲ. ಆದ್ದರಿಂದ ಡಬ್ಬಿಗಳನ್ನು ನೇರ ಬಿಸಿಲಿಲ್ಲದ ಬೆಳಕಿನಲ್ಲಿ, ತಂಪುನಾಡಿನ ಜಾತಿಗಳಾದರೆ ಹಗಲು 20 ರಾತ್ರಿ 10 ಡಿಗ್ರಿ, ಬೆಚ್ಚನೆಯ ನಾಡಿನವಾದರೆ ಹಗಲು 30 ರಾತ್ರಿ 20 ಡಿಗ್ರಿಯ ಆಸುಪಾಸಿನಲ್ಲಿಡಿ.

ಎರಡು ಮೂರು ದಿನಕ್ಕೊಮ್ಮೆ, ಬೇರಿನ ತುದಿ 2 ಮಿಲಿಮೀಟರ್ ಹೊರಬಂದ ಬೀಜವನ್ನು ಮೊಳೆತದ್ದೆಂದು ಎಣಿಸಿ ತೆಗೆಯಿರಿ. ಆರು ವಾರದ ಕೊನೆಗೆ ಉಳಿದವನ್ನು ಸೀಳಿ ನೋಡಿ. ತಿರುಳು ಗಟ್ಟಿಯಾಗಿ ಬೆಳ್ಳಗಿದ್ದರೆ ಅದು ಇನ್ನೂ ಸುಪ್ತ, ಬೇರೆ ಉಪಚಾರ ಬೇಕು. ಒತ್ತಿದರೆ ಕೊಳೆತು ಹೊರಬಂದರೆ ಸತ್ತಿದೆ. ಆರಂಭದಲ್ಲಿ ಹೇಳಿದ ಪ್ರಶ್ನೆಗೆ ಊಹೆಯಿಲ್ಲದ ಉತ್ತರ ಇಲ್ಲಿ ಸಿಗುತ್ತದೆ.

ಹಂತ 7: ಟ್ರೇಗಳಲ್ಲಿ ಸಸಿ

ಅಪರೂಪದ, ಬೀಜ ಕಡಿಮೆಯಿರುವ ಜಾತಿಗಳಿಗೆ ಮಾತ್ರ ಈ ಶ್ರಮ ಸಾಕು. ಗೊಬ್ಬರ ಹಾಕಿದ ಮಣ್ಣು ಬೇಡ. ಅರ್ಧ ದಪ್ಪ ಮರಳು, ಅರ್ಧ ತೆಂಗಿನ ನಾರಿನ ಪುಡಿ ಸಾಕು. ತಾಯಿಬೇರಿನ ಜಾತಿಗಳಿಗೆ ಆಳದ ಕುಳಿಗಳಿರುವ ಟ್ರೇ ಆರಿಸಿ. ಸಣ್ಣ ಬೀಜವನ್ನು ಮೇಲೆಯೇ ಉದುರಿಸಿ ಒತ್ತಿ, ದೊಡ್ಡದನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಹೂಳಿ. ನೀರನ್ನು ಟ್ರೇಯ ಅಡಿಯಿಂದ ಹೀರಿಸಬೇಕು. ಮೇಲಿಂದ ನೀರು ಸುರಿದು ಗಾಳಿಯಾಡದಂತೆ ಮುಚ್ಚಿಟ್ಟರೆ ಪೈಥಿಯಂ, ರೈಜೊಕ್ಟೋನಿಯಾ ಮುಂತಾದ ರೋಗಾಣುಗಳು ಸಸಿಯ ಬುಡವನ್ನು ಕೊಳೆಸಿ, ರಾತ್ರಿ ಬೆಳಗಾಗುವುದರೊಳಗೆ ಸಾಲುಸಾಲು ಸಸಿಗಳನ್ನು ಮಲಗಿಸುತ್ತವೆ. ಅವರೆ ಕುಟುಂಬದ ಸಸಿಗಳಿಗೆ ಅದೇ ಜಾತಿಯ ಬೇರುಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಸಿಗುವಂತೆ, ರೋಗವಿಲ್ಲದ ಮೂಲ ನೆಲೆಯ ಮಣ್ಣನ್ನು ಒಂದು ಚಿಟಿಕೆ ಬೆರೆಸಬಹುದು. ಆರ್ಕಿಡ್‌ಗಳ ಧೂಳಿನಂಥ ಬೀಜಕ್ಕೆ ಶಿಲೀಂಧ್ರದ ಸಹವಾಸವಿಲ್ಲದೆ ಬೆಳವಣಿಗೆಯಿಲ್ಲವಾದ್ದರಿಂದ ಹೊಸಬರು ಅದಕ್ಕೆ ಕೈಹಾಕದಿರುವುದು ಒಳಿತು.

ಹಂತ 8: ನೆಲಕ್ಕೆ ಬಿತ್ತನೆ

ನೆಲ ಸಿದ್ಧವಿಲ್ಲದಿದ್ದರೆ ಈವರೆಗಿನ ಕೆಲಸವೆಲ್ಲ ವ್ಯರ್ಥ. ಹಿಂದೆ ಗೊಬ್ಬರ ಕಂಡ ಹೊಲದಲ್ಲಿ ರಂಜಕ ಉಳಿದಿರುತ್ತದೆ. ಅಲ್ಲಿ ರಭಸದ ಹುಲ್ಲು ಮತ್ತು ಕಳೆ ಹೂಗಿಡಗಳನ್ನು ಮುಚ್ಚಿಬಿಡುತ್ತವೆ. ಮಣ್ಣು ಪರೀಕ್ಷೆ ಮಾಡಿಸಿ, ಸಾರ ಹೆಚ್ಚಿದ್ದರೆ ಮೇಲ್ಮಣ್ಣನ್ನು ತೆಗೆಯುವುದು ಅಥವಾ ಕೆಲವು ವರ್ಷ ಹುಲ್ಲು ಕೊಯ್ದು ಹೊರಗೆ ಸಾಗಿಸುವುದು ಬಿತ್ತನೆಗೆ ಮೊದಲೇ ಆಗಬೇಕು. ಹುಲ್ಲಿರುವ ಜಾಗದಲ್ಲಿ ಗಿಡ್ಡವಾಗಿ ಕೊಯ್ದು, ಕೆರೆದು, ಅರ್ಧದಷ್ಟಾದರೂ ಬರಿ ಮಣ್ಣು ಕಾಣುವಂತೆ ಮಾಡಿ. ಬೀಜವನ್ನು ಒಣ ಮರಳಿನಲ್ಲಿ ಬೆರೆಸಿ, ಅರ್ಧ ಉದ್ದಕ್ಕೆ ಅರ್ಧ ಅಡ್ಡಕ್ಕೆ ಎರಚಿ, ಕಾಲಿನಿಂದ ಅಥವಾ ಉರುಳೆಯಿಂದ ಒತ್ತಿ. ಮಣ್ಣು ಮುಚ್ಚುವುದು ಬೇಡ. ಮಿಶ್ರಣವನ್ನು ಅವಲಂಬಿಸಿ ಚದರ ಮೀಟರಿಗೆ 1ರಿಂದ 5 ಗ್ರಾಂ ಸಾಕಾಗುತ್ತದೆ. 100 ಬೀಜ ಎಣಿಸಿ ತೂಗಿದರೆ ಗ್ರಾಮಿಗೆ ಎಷ್ಟೆಂದು ತಿಳಿಯುತ್ತದೆ: 100 ಬೀಜ 0.05 ಗ್ರಾಂ ತೂಗಿದರೆ ಗ್ರಾಮಿಗೆ 2000 ಬೀಜ, ಮೇಲಿನ ಶೇಕಡಾ 48ರ ಲೆಕ್ಕದಲ್ಲಿ ಜೀವವಿರುವುದು 960.

ಒಂದು ವಿಷಯದಲ್ಲಿ ನನಗೆ ದೃಢವಾದ ಅಭಿಪ್ರಾಯವಿದೆ. ತೋಟಗಾರಿಕೆಯಲ್ಲಿ ಎಲ್ಲ ಬೀಜವೂ ಒಂದೇ ವಾರದಲ್ಲಿ ಮೊಳೆತರೆ ಅದು ಗೆಲುವು. ಪುನಶ್ಚೇತನದಲ್ಲಿ ಅದೇ ಅಪಾಯ. ಎಲ್ಲ ಬೀಜಕ್ಕೂ ಉಪಚಾರ ಮಾಡಿ ಬಿತ್ತಿದಾಗ, ಕೆಟ್ಟ ವರ್ಷಕ್ಕೆಂದು ಗಿಡ ತಾನೇ ಇಟ್ಟುಕೊಂಡಿದ್ದ ಮೀಸಲನ್ನು ನಾವು ಒಂದೇ ಮಳೆಗೆ ಒಡ್ಡಿರುತ್ತೇವೆ. ಬೇಗ ಮೊಳೆತ ಸಸಿಗಳನ್ನು ಮಾತ್ರ ನೆಟ್ಟು, ತಡವಾದವನ್ನು ಎಸೆಯುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ಕಾಯುವ ಗುಣವೇ ಕಳೆದುಹೋಗಬಹುದು. ಆದ್ದರಿಂದ ಪ್ರತಿ ಜಾತಿಯ ಬೀಜದಲ್ಲಿ ಮೂರನೆಯ ಒಂದು ಭಾಗಕ್ಕೆ ಉಪಚಾರ ಮಾಡಿ, ಮೂರನೆಯ ಒಂದು ಭಾಗವನ್ನು ಹಾಗೆಯೇ ಬಿತ್ತಿ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಅಲ್ಪಾಯುಷಿ ಬೀಜಗಳಿಗೆ ಮಾತ್ರ ಮುಂದಿನ ವರ್ಷಕ್ಕೆ ಇಡುವ ಈ ಪಾಲು ಅನ್ವಯಿಸುವುದಿಲ್ಲ.

ಮೊದಲ ವರ್ಷ ಬಿತ್ತಿದ ಜಾಗ ಕಳೆಯಿಂದ ತುಂಬಿದಂತೆ ಕಾಣುತ್ತದೆ. ಬಹುವಾರ್ಷಿಕ ಹೂಗಿಡಗಳು ಆ ವರ್ಷ ನೆಲಕ್ಕಂಟಿದ ಎಲೆಗುಚ್ಛವಾಗಿ ಬೇರು ಬಿಡುವುದರಲ್ಲೇ ಇರುತ್ತವೆ. ಕಳೆ ಹೂ ಬಿಡುವ ಮುನ್ನ ನೆಲದಿಂದ 10 ಸೆಂಟಿಮೀಟರ್ ಎತ್ತರದಲ್ಲಿ ಕೊಯ್ದು, ಕೊಯ್ದದ್ದನ್ನು ಹೊರಗೆ ಹಾಕಿ. ಗೊಬ್ಬರ ಕೊಡಬೇಡಿ, ಮರು ಉಳುಮೆ ಮಾಡಬೇಡಿ. ಏಕವಾರ್ಷಿಕ ಜಾತಿಗಳನ್ನೂ ಬಿತ್ತಿದ್ದರೆ, ಅವು ಬೀಜ ಉದುರಿಸುವವರೆಗೆ ಅವಿರುವ ಕಡೆ ಕೊಯ್ಯಬೇಡಿ. ಒಂದು ಮೀಟರ್ ಚದರದ ನಾಲ್ಕೈದು ಚೌಕಗಳನ್ನು ಗೂಟ ನೆಟ್ಟು ಗುರುತಿಸಿ, ಪ್ರತಿ ಋತುವಿನಲ್ಲಿ ಅದೇ ಚೌಕಗಳಲ್ಲಿ ಎಣಿಸಿ. ಗಟ್ಟಿ ಸಿಪ್ಪೆಯ ಜಾತಿಗಳು ಎರಡನೆಯ, ಮೂರನೆಯ ವರ್ಷ ಎಣಿಕೆಗೆ ಬರುತ್ತವೆ. ಮೊಳೆಯದ ಟ್ರೇಗಳನ್ನೂ ಅಲ್ಲಿಯವರೆಗೆ ಚೀಟಿಯೊಂದಿಗೆ ಹೊರಗೆ, ಇಲಿ ಹಕ್ಕಿಗಳಿಗೆ ಸಿಗದಂತೆ ಬಲೆ ಮುಚ್ಚಿ ಇಡಿ. ಮಳೆ, ಚಳಿ, ಬಿಸಿಲು ಮೂರೂ ಅವುಗಳ ಮೇಲೆ ಬೀಳಲಿ.